ಮರವಿಲ್ಲದ ಬಯಲಿನ ಡಿ ಸ್ಮೆಟ್

ಊರು ಹುಟ್ಟುವುದು ಹೊಳೆಯ ದಂಡೆಯಲ್ಲಿ, ಇಲ್ಲವೇ ಗುಡ್ಡದ ಮರೆಯಲ್ಲಿ. ಅಮೆರಿಕದ ದಕ್ಷಿಣ ಡಕೋಟಾದ ಪೂರ್ವಭಾಗದಲ್ಲಿರುವ ಡಿ ಸ್ಮೆಟ್ ಹುಟ್ಟಿದ್ದು ರೈಲ್ವೆ ಕಂಪನಿಯ ನಕ್ಷೆಯ ಮೇಲೆ. ಚಿಕಾಗೋ ಅಂಡ್ ನಾರ್ತ್ ವೆಸ್ಟರ್ನ್ ಕಂಪನಿ ಪಶ್ಚಿಮಕ್ಕೆ ಹಳಿ ಹಾಸುತ್ತಾ ಹೋದಂತೆ, ರೈತ ಗಾಡಿಯಲ್ಲಿ ಗೋಧಿ ತಂದಿಳಿಸಿ ಕತ್ತಲಾಗುವುದರೊಳಗೆ ಮನೆ ಸೇರುವಷ್ಟು ದೂರಕ್ಕೊಂದು ನಿಲ್ದಾಣ ಗುರುತಿಸುತ್ತಾ ಹೋಯಿತು. 1880ರ ವಸಂತದಲ್ಲಿ ಅಂಥದೊಂದು ಗುರುತಿನ ಸುತ್ತ ಹಲಗೆಮನೆಗಳು ಎದ್ದವು. ಹೆಸರು ಬೆಲ್ಜಿಯಂ ಮೂಲದ ಜೆಸ್ವಿಟ್ ಪಾದ್ರಿಯೊಬ್ಬರದು. ಅಷ್ಟರಲ್ಲಿ ಅವರು ತೀರಿಕೊಂಡು ಏಳು ವರ್ಷವಾಗಿತ್ತು. ನೆಲ ಯಾಂಕ್ಟನ್ ಡಕೋಟಾ ಜನರದು. 1858ರ ಒಪ್ಪಂದದಲ್ಲಿ ಅವರ ಕೈತಪ್ಪಿತ್ತು.

ಆ ನೆಲವನ್ನು ಸಮತಟ್ಟು ಎನ್ನುವುದು ರೈಲಿನ ಕಿಟಕಿಯಿಂದ ನೋಡಿದವರ ಮಾತು. ಹಿಮಯುಗದ ಹಿಮರಾಶಿ ಹಿಂದೆ ಸರಿದಾಗ ಮಣ್ಣಿನಲ್ಲಿ ಹೂತುಳಿದ ಗಡ್ಡೆಗಳು ಕರಗಿ, ಬಯಲ ತುಂಬ ತಗ್ಗು ಬಿದ್ದಿದೆ. ಮಳೆ ಬಂದ ವರ್ಷ ಅವು ಕೆರೆ, ಬಾರದ ವರ್ಷ ಜೌಗು, ಬರ ಬಿದ್ದರೆ ಬರಿಯ ಹುಲ್ಲು. ಎಷ್ಟೋ ತಗ್ಗುಗಳಿಗೆ ಕೋಡಿಯೇ ಇಲ್ಲ. ಬಂದ ನೀರು ಆವಿಯಾಗಬೇಕು ಅಥವಾ ಇಂಗಬೇಕು. ಊರಿನ ಪಕ್ಕದ ಸಿಲ್ವರ್ ಲೇಕ್, ಹೆನ್ರಿ, ಥಾಮ್ಸನ್ ಎಲ್ಲವೂ ಈ ಬಳಗದವೇ. ಬೆಂಕಿ, ಗಾಳಿ, ಬರಗಳ ನಡುವೆ ಮರ ಬೇರೂರಿದ್ದು ಕಡಿಮೆ. ಮರ ನೆಟ್ಟವರಿಗೆ 160 ಎಕರೆ ಕೊಡುತ್ತೇವೆಂದು ವಾಷಿಂಗ್ಟನ್ ಸರ್ಕಾರ 1873ರಲ್ಲಿ ಕಾನೂನನ್ನೇ ಮಾಡಿತು. ಕಾನೂನಿಗೆ ಹೆದರಿ ಸಸಿ ಬದುಕುತ್ತದೆಯೇ?

ಹವಾಮಾನದ ಗುಟ್ಟು ಊರಿನಿಂದ ಬಹಳ ದೂರದಲ್ಲಿದೆ. ಉತ್ತರ ಧ್ರುವದ ಕಡೆಯಿಂದ ಮೆಕ್ಸಿಕೋ ಕೊಲ್ಲಿಯವರೆಗೆ ಗಾಳಿಗೆ ಅಡ್ಡ ನಿಲ್ಲುವ ಒಂದು ಬೆಟ್ಟಸಾಲೂ ಇಲ್ಲ. ಕೆನಡಾದ ಒಣ ಚಳಿಗೂ ಕೊಲ್ಲಿಯ ತೇವದ ಸೆಕೆಗೂ ಈ ಬಯಲೇ ಕುಸ್ತಿಯ ಅಖಾಡ. ಚಳಿಯನ್ನಾಗಲಿ ಸೆಕೆಯನ್ನಾಗಲಿ ಹದಕ್ಕೆ ತರಲು ಹತ್ತಿರದಲ್ಲಿ ಕಡಲೂ ಇಲ್ಲ.

ಇದು ವಲಸೆ ಬಂದವರಿಗೆ ಮೊದಲೇ ತಿಳಿಯದೆ ಹೋಯಿತು. 1879-80ರ ಚಳಿಗಾಲ ಅವರನ್ನು ನಂಬಿಸಿ ಮೋಸ ಮಾಡಿತೆನ್ನಬೇಕು. ರೈಲ್ವೆ ಶಿಬಿರದಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಚಾರ್ಲ್ಸ್ ಇಂಗಲ್ಸ್ ಹೆಂಡತಿ ಮಕ್ಕಳೊಂದಿಗೆ ಸರ್ವೆಯವರ ಮನೆಯಲ್ಲಿ ಆ ಚಳಿಗಾಲವನ್ನು ಹಾಯಾಗಿ ಕಳೆದ. ಅವನ ಎರಡನೆಯ ಮಗಳೇ ಲಾರಾ ಇಂಗಲ್ಸ್ ವೈಲ್ಡರ್. ಕನ್ನಡಕ್ಕೂ ಬಂದಿರುವ ಅವಳ ಕಾದಂಬರಿಗಳನ್ನು ಓದಿದವರು ಈ ಬಯಲಲ್ಲಿ ಒಮ್ಮೆ ಅಡ್ಡಾಡಿ ಬಂದವರೇ.

ಮರುವರ್ಷ ಅಕ್ಟೋಬರ್ ನಡುವಿನಲ್ಲೇ, ಇನ್ನೂ ಕೊಯ್ಲಿನ ಕೆಲಸ ಮುಗಿಯದಿರುವಾಗ, ಮೊದಲ ಹಿಮಬಿರುಗಾಳಿ ಅಪ್ಪಳಿಸಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಜನವರಿಯಲ್ಲಿ ರೈಲು ನಿಂತಿತು. ದಿಬ್ಬ ಸಿಕ್ಕಲ್ಲಿ ಅದನ್ನು ಸೀಳಿ ಕಂದಕದೊಳಗೆ ಹಳಿ ಹಾಕಿದ್ದರು. ಗಾಳಿ ಆ ಕಂದಕಗಳಿಗೆ ಹಿಮ ತುಂಬಿ ಗಟ್ಟಿಯಾಗಿ ಮೆತ್ತಿತು. ಸಲಿಕೆಯವರು ತೋಡಿ ತೋಡಿ ಎರಡೂ ಬದಿಗೆ ಎಸೆದಂತೆ ಗೋಡೆ ಏರಿತು, ಗೋಡೆ ಏರಿದಷ್ಟೂ ಮುಂದಿನ ಗಾಳಿ ಹೆಚ್ಚು ಹಿಮ ತುಂಬಿತು. ಎಷ್ಟು ದುಡಿದರೆ ಅಷ್ಟು ಆಳದ ಗುಂಡಿ. ಕೊನೆಗೆ ಕಂಪನಿ ಕೈಚೆಲ್ಲಿ ಹಿಮ ಕರಗಲೆಂದು ಕಾಯಿತು. ಮತ್ತೆ ರೈಲಿನ ಕೂಗು ಕೇಳಿಸಿದ್ದು ಮೇ ತಿಂಗಳಲ್ಲಿ.

ರೈಲಿನಿಂದಲೇ ಹುಟ್ಟಿದ ಊರಿಗೆ ರೈಲಿಲ್ಲದೆ ಏನಿದೆ? ಕಲ್ಲಿದ್ದಲು ತೀರಿತು, ಸೀಮೆಎಣ್ಣೆ ತೀರಿತು, ಹಿಟ್ಟೂ ತೀರಿತು. ಕಟ್ಟಿಗೆಗೆ ಮರವಿಲ್ಲ. ಜೌಗಿನ ಒಣಹುಲ್ಲನ್ನು ಹಗ್ಗದಂತೆ ಹೊಸೆದು, ಮಡಿಸಿ, ಗಂಟು ಹಾಕಿ ಒಲೆಗೆ ತುರುಕಿದರು. ಅದು ಕ್ಷಣದಲ್ಲಿ ಉರಿದುಹೋಗುತ್ತದೆ, ಆದ್ದರಿಂದ ಯಾರಾದರೊಬ್ಬರು ದಿನವಿಡೀ ಹೊಸೆಯುತ್ತಲೇ ಇರಬೇಕು. ಗೋಧಿಯನ್ನು ಕಾಫಿಬೀಜ ಪುಡಿಮಾಡುವ ಪುಟ್ಟ ಗಿರಣಿಯಲ್ಲಿ ಬೀಸಿ ರೊಟ್ಟಿ ಸುಟ್ಟರು. ನಮ್ಮ ಅಜ್ಜಿಯರ ಬೀಸುಕಲ್ಲೊಂದು ಅಲ್ಲಿದ್ದಿದ್ದರೆ ಎಷ್ಟು ತೋಳುಗಳಿಗೆ ಪುಣ್ಯ ಬರುತ್ತಿತ್ತೋ. ಆ ಗೋಧಿಯೂ ಮುಗಿಯುತ್ತ ಬಂದಾಗ ಆಲ್ಮಾಂಜೋ ವೈಲ್ಡರ್ ಮತ್ತು ಅವನ ಗೆಳೆಯ ಹಿಮದ ನಡುವೆ ಜಾರುಬಂಡಿ ಹೂಡಿಕೊಂಡು ಹೋಗಿ, ಒಂಟಿ ರೈತನೊಬ್ಬನಿಂದ ಗೋಧಿ ಕೊಂಡು ತಂದ ಕತೆ ಕಾದಂಬರಿಯಲ್ಲಿದೆ. ಆ ಆಲ್ಮಾಂಜೋ ಮುಂದೆ ಲಾರಾಳ ಗಂಡನಾದ.

ಆಗ ಹದಿಮೂರರ ಹುಡುಗಿಯಾಗಿದ್ದ ಲಾರಾ 1940ರಲ್ಲಿ ಇದನ್ನು ಪುಸ್ತಕವಾಗಿಸಿದಾಗ ಊರವರ ಮಾತಿನಂತೆ ‘ಹಾರ್ಡ್ ವಿಂಟರ್’ ಎಂದೇ ಹೆಸರಿಡಬೇಕೆಂದಿದ್ದಳು. ಮಕ್ಕಳ ಪುಸ್ತಕಕ್ಕೆ ಆ ‘ಹಾರ್ಡ್’ ಬೇಡವೆಂದು ಪ್ರಕಾಶಕರು ‘ದಿ ಲಾಂಗ್ ವಿಂಟರ್’ ಮಾಡಿಸಿದರು. ಲಾರಾ ತಾನೂ ಒಂದಿಷ್ಟು ತಿದ್ದಿದ್ದಾಳೆ. ಆ ಚಳಿಗಾಲ ಇಂಗಲ್ಸ್ ಮನೆಯಲ್ಲಿ ಕೂಸಿನೊಂದಿಗೆ ಇನ್ನೊಂದು ದಂಪತಿಯೂ ಇತ್ತೆಂದು ಅವಳ ಆತ್ಮಕಥೆಯ ಹಸ್ತಪ್ರತಿ ಹೇಳುತ್ತದೆ. ಕಾದಂಬರಿಯಿಂದ ಅವರನ್ನು ಹೊರಗಿಟ್ಟಿದ್ದಾಳೆ. ಒಲೆಯ ಸುತ್ತ ಜಾಗಕ್ಕೆ ನಡೆದ ಮುನಿಸುಗಳೂ ಅವರ ಜೊತೆಗೇ ಹೊರಬಿದ್ದವು.

ಇಷ್ಟಾದರೂ ವಲಸೆ ನಿಲ್ಲಲಿಲ್ಲ. ನೇಗಿಲು ಹೋದಲ್ಲಿಗೆ ಮಳೆ ಬರುತ್ತದೆ ಎಂದು ಆ ಕಾಲದ ಭೂಮಿ ದಲ್ಲಾಳಿಗಳು ಸಾರುತ್ತಿದ್ದರು. ಅದಕ್ಕೆ ವಿಜ್ಞಾನದ ವೇಷವನ್ನೂ ತೊಡಿಸಿದ್ದರು. 1888ರ ಜನವರಿ 12ರ ಬೆಳಿಗ್ಗೆ ಹಿತವಾಗಿತ್ತು, ಮಕ್ಕಳು ತೆಳುಬಟ್ಟೆಯಲ್ಲೇ ಶಾಲೆಗೆ ಹೋದರು. ಅಂದಿನ ಬಿರುಗಾಳಿ ಡಕೋಟಾ, ನೆಬ್ರಾಸ್ಕಾ ಸುತ್ತಮುತ್ತ ಸುಮಾರು 235 ಜನರನ್ನು ಕೊಂದಿತು. ಸತ್ತವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳು ಅನೇಕರು. ಬಳಿಕ ಬರ. ಆಲ್ಮಾಂಜೋ ನೆಟ್ಟ ಸಸಿಗಳು ಒಣಗಿದವು. 1894ರ ಜುಲೈನಲ್ಲಿ ಗಂಡ ಹೆಂಡತಿ ಮಗಳೊಂದಿಗೆ ಗಾಡಿ ಕಟ್ಟಿ ಮಿಸೌರಿಗೆ ಹೊರಟುಹೋದರು. ಲಾರಾಳ ತಂದೆ ನೆಟ್ಟ ಕಾಟನ್‌ವುಡ್ ಮರಗಳು ಮಾತ್ರ ಬದುಕಿಕೊಂಡು, ಈಗಲೂ ನೋಡಲು ಬಂದವರಿಗೆ ನೆರಳು ಕೊಡುತ್ತವೆ.

ಈ ಸೀಮೆಯ ಸ್ವಭಾವ ತಿಳಿಯಲು 1936 ಒಂದೇ ವರ್ಷ ಸಾಕು. ಫೆಬ್ರವರಿಯಲ್ಲಿ ರಾಜ್ಯದ ಉತ್ತರದ ಮೆಕಿಂಟಾಶ್‌ನಲ್ಲಿ ಸೊನ್ನೆಗಿಂತ 50 ಡಿಗ್ರಿ ಸೆಲ್ಸಿಯಸ್ ಕೆಳಗೆ. ಜುಲೈನಲ್ಲಿ ಡಿ ಸ್ಮೆಟ್‌ನ ನೈಋತ್ಯಕ್ಕಿರುವ ಗ್ಯಾನ್ ವ್ಯಾಲಿಯಲ್ಲಿ ಸುಮಾರು 49 ಡಿಗ್ರಿ. ಐದು ತಿಂಗಳಲ್ಲಿ ರಾಜ್ಯದ ಎರಡೂ ತುದಿಯ ದಾಖಲೆ.

ನೀರಿನ ಆಟ ಇನ್ನೂ ವಿಚಿತ್ರ. ಸಿಲ್ವರ್ ಲೇಕನ್ನು ಜನ ಕಾಲುವೆ ತೆಗೆದು ಬತ್ತಿಸಿದರು. ಥಾಮ್ಸನ್ ಕೆರೆ ಬಹುಕಾಲ ಜೊಂಡು ತುಂಬಿದ ಜೌಗಾಗಿತ್ತು. 1980ರ ದಶಕದ ನಡುವಿನ ಭಾರಿ ಮಳೆಗೆ ಅದು ಉಕ್ಕಿ, ಹೊಲ, ರಸ್ತೆಗಳನ್ನು ನುಂಗಿ, ದಕ್ಷಿಣ ಡಕೋಟಾದ ಅತಿ ದೊಡ್ಡ ನೈಸರ್ಗಿಕ ಕೆರೆಯಾಯಿತು. ಗೋಧಿಗೆಂದು ಕಟ್ಟಿದ ಊರಿನ ಮಗ್ಗುಲಲ್ಲಿ ಈಗ ಮೀನು ಹಿಡಿಯುವವರ ದೋಣಿಗಳು.

ಡಿ ಸ್ಮೆಟ್‌ನಲ್ಲಿ ಇಂದು ಸಾವಿರದಷ್ಟು ಜನರಿದ್ದಾರೆ. ಅದೇ ಹಳಿಯ ಮೇಲೆ ಪಶ್ಚಿಮಕ್ಕೆ ಮುಂದಿನ ಊರು ಮ್ಯಾಂಚೆಸ್ಟರ್. ಲಾರಾಳ ಕಿರಿಯ ತಂಗಿ ಗ್ರೇಸ್ ಮದುವೆಯಾಗಿ ನೆಲೆಸಿದ್ದು ಅದರ ಹತ್ತಿರ. 2003ರ ಜೂನ್ 24ರ ಸಂಜೆ ಸುಂಟರಗಾಳಿಯೊಂದು ಅಳಿದುಳಿದಿದ್ದ ಆ ಕುಗ್ರಾಮದ ಮೇಲೆ ಹಾದುಹೋಯಿತು. ಟಿಮ್ ಸಮಾರಸ್ ಎಂಬ ಎಂಜಿನಿಯರ್ ಅದರ ದಾರಿಯಲ್ಲಿ ಉಪಕರಣವೊಂದನ್ನು ಇಟ್ಟು ಓಡಿದ್ದ. ಗಾಳಿಯ ಒತ್ತಡ ಥಟ್ಟನೆ 100 ಮಿಲಿಬಾರ್ ಕುಸಿದದ್ದನ್ನು ಅದು ದಾಖಲಿಸಿತು. ಜೀವ ಹೋಗಲಿಲ್ಲ, ಮನೆ ಒಂದೂ ಉಳಿಯಲಿಲ್ಲ. ಅಲ್ಲಿದ್ದ ಬೆರಳೆಣಿಕೆಯ ಜನ ಊರನ್ನು ಮತ್ತೆ ಕಟ್ಟುವ ಗೋಜಿಗೆ ಹೋಗಲಿಲ್ಲ. ಹೆದ್ದಾರಿಯ ಬದಿಯಲ್ಲಿ ಮ್ಯಾಂಚೆಸ್ಟರ್ ಹೆಸರಿನ ಕಲ್ಲೊಂದಿದೆ, ಸುತ್ತ ಹುಲ್ಲು.