ಐದು ಸರ್ಕಾರಗಳ ನಡುವೆ ಮೂರು ದಿನದ ಪ್ರವಾಸ



ರಜೆ ಬಂದಾಗ ಮನೆಮಂದಿಯೊಂದಿಗೆ ಕಾರಿನಲ್ಲೋ ಜೀಪಿನಲ್ಲೋ ಮೂರು ದಿನ ಸುತ್ತಿ ಬರಬೇಕು, ದಾರಿಯಲ್ಲಿ ಬೆಟ್ಟವೂ ಸಿಗಬೇಕು, ಕೆರೆಯೂ ಸಿಗಬೇಕು, ಒಂದೆರಡು ಗಡಿಗಳನ್ನೂ ದಾಟಿದಂತಾಗಬೇಕು ಎಂಬ ಆಸೆ ನಿಮಗಿರಬಹುದು. ಗಡಿ ದಾಟಲು ದೂರ ಹೋಗಬೇಕಾಗಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಸುತ್ತ ಒಂದು ಪ್ರವಾಸ ಹಾಕಿಕೊಳ್ಳಿ, ಸಾಕು. ಇಂದು ಈ ಐದೂ ವಿಜಯನಗರ ಜಿಲ್ಲೆಯಲ್ಲಿವೆ. ಆದರೆ ಇದೇ ಸುತ್ತನ್ನು 1947ರ ಆಗಸ್ಟ್‌ನಲ್ಲಿ ಹೊಡೆದವರು ಐದು ಸರ್ಕಾರಗಳ ನೆಲವನ್ನು ಮುಟ್ಟಿ ಬರುತ್ತಿದ್ದರು: ಮೈಸೂರು ಸಂಸ್ಥಾನ, ಮದರಾಸು ಪ್ರಾಂತ, ಸಂಡೂರು ಸಂಸ್ಥಾನ, ಹೈದರಾಬಾದಿನ ನಿಜಾಮರ ಸಂಸ್ಥಾನ ಮತ್ತು ಮುಂಬಯಿ ಪ್ರಾಂತ.

ಪ್ರವಾಸಕ್ಕೆ ಮುಂಚೆ ಒಂದು ನಕ್ಷೆಯನ್ನು ಎದುರಿಗಿಟ್ಟುಕೊಳ್ಳಿ. ಅದರಲ್ಲಿ ಮೂರು ಬಗೆಯ ಗೆರೆಗಳಿವೆ. ಒಂದು ಬೆಟ್ಟದ್ದು, ಇನ್ನೊಂದು ನೀರಿನದು, ಮೂರನೆಯದು ಸರ್ಕಾರದ್ದು. ಮೊದಲಿನ ಎರಡು ಗೆರೆಗಳು ಸುಲಭವಾಗಿ ಬದಲಾಗುವುದಿಲ್ಲ. ಮೂರನೆಯದು ಮೇಲಿಂದ ಮೇಲೆ ಬದಲಾಗಿದೆ. ಹಾಗಾದರೆ ಈ ಮೂರನೆಯ ಗೆರೆ ಬರೀ ಕಾಗದದ ಮೇಲಿನದೇ? ಅದರಿಂದ ಜನರಿಗೆ ಏನಾಯಿತು? ಈ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡೇ ಹೊರಡೋಣ.

ಮೊದಲನೆಯ ದಿನ: ದಾವಣಗೆರೆಯಿಂದ ಕೂಡ್ಲಿಗಿಗೆ

ದಾವಣಗೆರೆಯಿಂದ ಬೆಳಿಗ್ಗೆ ಬೇಗ ಹೊರಡಿ. 1947ರಲ್ಲಿ ದಾವಣಗೆರೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಉತ್ತರಕ್ಕೆ ಸಾಗಿ ಹರಪನಹಳ್ಳಿ ತಾಲ್ಲೂಕನ್ನು ಮುಟ್ಟಿದಿರೆಂದರೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಎರಡೂ ಕಡೆ ಒಂದೇ ಮಾತು, ಒಂದೇ ಜೋಳ, ಒಂದೇ ಬಗೆಯ ಮನೆ. ಆದರೆ ಒಬ್ಬರಿಗೆ ರಾಜಧಾನಿ ಮೈಸೂರು, ಇನ್ನೊಬ್ಬರಿಗೆ ಸಮುದ್ರದ ದಂಡೆಯ ಮದರಾಸು.

ಮೊದಲ ನಿಲುಗಡೆ ಉಚ್ಚಂಗಿದುರ್ಗ. ಬೆಟ್ಟ ಹತ್ತಿ ಸುತ್ತ ನೋಡಿದರೆ ಅರಸರು ಇದಕ್ಕಾಗಿ ಏಕೆ ಬಡಿದಾಡಿದರೆಂಬುದು ತಾನೇ ತಿಳಿಯುತ್ತದೆ. ಈ ಸೀಮೆಗೆ ಹಿಂದೆ ನೊಳಂಬವಾಡಿ 32000 ಎಂಬ ಹೆಸರಿತ್ತು. ನೊಳಂಬರು, ಆಮೇಲೆ ಚಾಲುಕ್ಯರ ಸಾಮಂತರಾದ ಉಚ್ಚಂಗಿಯ ಪಾಂಡ್ಯರು ಇಲ್ಲಿಂದ ಆಳಿದರು. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಈ ಕೋಟೆಯನ್ನು ಗೆದ್ದ. ಅವನ ‘ಗಿರಿದುರ್ಗಮಲ್ಲ’ ಎಂಬ ಬಿರುದು ಇಂಥ ಗೆಲುವುಗಳನ್ನು ನೆನಪಿಸುತ್ತದೆ. ಅಂದಿನ ಗಡಿಗೆ ಗುರುತು ಕಲ್ಲಿನ ಕಂಬವಲ್ಲ, ಬೆಟ್ಟದ ಮೇಲಿನ ಕೋಟೆ. ಕೋಟೆ ಕೈಬದಲಾದರೆ ಸೀಮೆಯೂ ಕೈಬದಲಾಗುತ್ತಿತ್ತು.

ಅಲ್ಲಿಂದ ಹರಪನಹಳ್ಳಿಗೆ, ಮುಂದೆ ಬಾಗಳಿಗೆ ಹೋಗಿ. ಬಾಗಳಿಯ ಕಲ್ಲೇಶ್ವರ ದೇವಾಲಯದ ಕಂಬಗಳನ್ನು ನೋಡಲು ಒಂದು ತಾಸಾದರೂ ಬೇಕು. ಒಂದೊಂದು ಕಂಬವೂ ಒಂದೊಂದು ಬಗೆ. ಕ್ರಿ.ಶ. 987ರ ಶಾಸನ ಇಮ್ಮಡಿ ತೈಲಪನ ಕಾಲದ್ದು. ರಾಷ್ಟ್ರಕೂಟರ ಆಳ್ವಿಕೆ ಮುಗಿದು ಕಲ್ಯಾಣದ ಚಾಲುಕ್ಯರ ಆಳ್ವಿಕೆ ಆಗತಾನೇ ಬೇರೂರುತ್ತಿದ್ದ ಹೊತ್ತದು. ಅರಸು ಮನೆತನ ಬದಲಾದರೂ ಗುಡಿಯ ಕೆಲಸ, ಕೆರೆಯ ಕೆಲಸ, ದತ್ತಿಯ ಲೆಕ್ಕ ನಿಲ್ಲಲಿಲ್ಲ ಎಂಬುದನ್ನು ಇಂಥ ಶಾಸನಗಳು ನಮಗೆ ಕಲಿಸುತ್ತವೆ.

ವಿಜಯನಗರದ ನಂತರ ಈ ಭಾಗ ಹರಪನಹಳ್ಳಿ, ಗುಡೇಕೋಟೆ, ಜರಿಮಲೆ ಮುಂತಾದ ಪಾಳೆಯಗಾರರ ಕೈಯಲ್ಲಿತ್ತು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ನಿಜಾಮರು ತಮ್ಮ ಪಾಲಿಗೆ ಬಂದಿದ್ದ ನಾಡನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಕಂಪನಿಯ ಸೈನ್ಯದ ಖರ್ಚಿಗೆ ಕೊಟ್ಟ ಬೆಲೆ ಅದು. ಹೀಗೆ ಬಿಟ್ಟುಕೊಟ್ಟದ್ದರಿಂದ ಈ ಸೀಮೆಗೆ ‘ದತ್ತ ಮಂಡಲ’ ಎಂಬ ಹೆಸರಾಯಿತು. ಮೊದಲ ಮುಖ್ಯ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇದ್ದ. ದತ್ತ ಮಂಡಲದಲ್ಲಿದ್ದ ಸುಮಾರು 80 ಪಾಳೆಯಗಾರರ ಬಲವನ್ನು ಮುರಿದು, ಹೊಲಗಳನ್ನು ಅಳತೆ ಮಾಡಿಸಿ, ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದ. ಕೋಟೆಯ ಗಡಿ ಹೋಗಿ ಕಚೇರಿಯ ಗಡಿ ಬಂದದ್ದು ಆಗಲೇ.

ಸಂಜೆಯ ಹೊತ್ತಿಗೆ ಕೊಟ್ಟೂರು. ಗುರು ಕೊಟ್ಟೂರೇಶ್ವರರ ರಥೋತ್ಸವಕ್ಕೆ ದಾವಣಗೆರೆ, ಚಿತ್ರದುರ್ಗಗಳ ಕಡೆಯಿಂದಲೂ ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ. ಕಾಲುನಡಿಗೆಯ ದಾರಿಗೆ ಗಡಿ ಅಡ್ಡ ಬರಲಿಲ್ಲ. ರೈಲಿನ ಮಾತೇ ಬೇರೆ. ಹೊಸಪೇಟೆಯಿಂದ ಬಂದ ರೈಲುಹಳಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಕೊಟ್ಟೂರನ್ನು ತಲುಪಿ ಅಲ್ಲಿಯೇ ನಿಂತಿತು. ಮೈಸೂರು ಸಂಸ್ಥಾನದ ಹರಿಹರದಲ್ಲಿ ಆಗಲೇ ರೈಲು ಓಡಾಡುತ್ತಿತ್ತು. ನಡುವಿನ ಅಂತರ ಸುಮಾರು 65 ಕಿಲೋಮೀಟರು. ಅಷ್ಟು ದೂರದ ಹಳಿ ಕೂಡಲು ಹೊಸ ಶತಮಾನವೇ ಬರಬೇಕಾಯಿತು. ಗಡಿಯೊಂದೇ ಕಾರಣವೆನ್ನಲಾಗದು, ಆದರೆ ಒಂದು ಸರ್ಕಾರದ ಅಂಚಿನಲ್ಲಿರುವ ಊರು ಎಷ್ಟು ಕಾಲ ಕಾಯಬೇಕಾಗುತ್ತದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ರಾತ್ರಿ ಕೂಡ್ಲಿಗಿಯಲ್ಲಿ ತಂಗಿ. ಗಾಂಧೀಜಿಯವರ ಚಿತಾಭಸ್ಮವಿರುವ ಹುತಾತ್ಮ ಸ್ಮಾರಕ ಆ ಊರಿನಲ್ಲಿದೆ.

ಎರಡನೆಯ ದಿನ: ಸಂಡೂರು, ಅಣೆಕಟ್ಟು, ಅಂಕಸಮುದ್ರ

ಕೂಡ್ಲಿಗಿಯಿಂದ ಸಂಡೂರಿನತ್ತ ಹೋಗುವಾಗ ಕಬ್ಬಿಣದ ಅದಿರಿನ ಕೆಂಪು ಬೆಟ್ಟಗಳು ಎದುರಾಗುತ್ತವೆ. ಬೆಟ್ಟಗಳ ನಡುವಿನ ಕಣಿವೆಯೇ ಒಂದು ಸಂಸ್ಥಾನವಾಗಿತ್ತು. ಘೋರ್ಪಡೆ ಮನೆತನದ ಈ ಪುಟ್ಟ ರಾಜ್ಯ 1949ರ ಏಪ್ರಿಲ್ 1ರಂದು ಮದರಾಸಿನಲ್ಲಿ ವಿಲೀನವಾಯಿತು. ಸುತ್ತಲೂ ಮದರಾಸು ಪ್ರಾಂತ, ಒಳಗೆ ಒಬ್ಬ ಅರಸ. ಇಲ್ಲಿ ಮಾತ್ರ ಬೆಟ್ಟದ ಗೆರೆಯೂ ಸರ್ಕಾರದ ಗೆರೆಯೂ ಬಹುಮಟ್ಟಿಗೆ ಒಂದೇ ಆಗಿದ್ದವು.

ಘಟ್ಟ ಇಳಿದು ಹೊಸಪೇಟೆಯ ಮೂಲಕ ತುಂಗಭದ್ರಾ ಅಣೆಕಟ್ಟಿಗೆ ಬನ್ನಿ. ನೀವು ನಿಂತ ಬಲದಂಡೆ ಮದರಾಸಿನದು. ಎದುರಿಗೆ ಕಾಣುವ ಮುನಿರಾಬಾದ್ ನಿಜಾಮರದು. ನಡುವೆ ಹರಿಯುತ್ತಿದ್ದ ನದಿಯೇ ಗಡಿ. ಆಚೆ ದಂಡೆಗೆ ಹೋದವರು ರೂಪಾಯಿಯನ್ನೂ ಬದಲಿಸಬೇಕಿತ್ತು. ಬ್ರಿಟಿಷ್ ಇಂಡಿಯಾದ 100 ರೂಪಾಯಿಗೆ ಹೈದರಾಬಾದಿನ ಹಾಲಿ ಸಿಕ್ಕಾ ಸುಮಾರು 116 ರೂಪಾಯಿ 11 ಆಣೆ. ಅಂಚೆಚೀಟಿ ಬೇರೆ. ಸರಕಿನ ಮೇಲೆ ‘ಕರೋಡ್‌ಗಿರಿ’ ಎಂಬ ಸುಂಕ ಬೇರೆ. ಕನ್ನಡ ಮಾತ್ರ ಎರಡೂ ದಂಡೆಯಲ್ಲಿ ಒಂದೇ.

ಎರಡು ಸರ್ಕಾರಗಳು ಒಂದೇ ನದಿಗೆ ಕಟ್ಟೆ ಹಾಕುವುದು ಸುಲಭವಲ್ಲ. 1860ರಷ್ಟು ಹಿಂದೆಯೇ ಆರ್ಥರ್ ಕಾಟನ್ ಯೋಚಿಸಿದ್ದ ಕೆಲಸಕ್ಕೆ ಶಂಕುಸ್ಥಾಪನೆಯಾದದ್ದು 1945ರ ಫೆಬ್ರವರಿ 28ರಂದು. ಅಂದೂ ಒಂದು ಕಲ್ಲು ಸಾಲಲಿಲ್ಲ. ಒಂದು ದಂಡೆಯಲ್ಲಿ ನಿಜಾಮರ ಪುತ್ರ ಬೇರಾರಿನ ರಾಜಕುಮಾರರು, ಇನ್ನೊಂದರಲ್ಲಿ ಮದರಾಸಿನ ಗವರ್ನರ್ ಆರ್ಥರ್ ಹೋಪ್ ಕಲ್ಲಿಟ್ಟರು. 1953ರಲ್ಲಿ ನೀರು ನಿಂತಿತು. ಸುಮಾರು 378 ಚದರ ಕಿಲೋಮೀಟರಿನ ಹಿನ್ನೀರಿನಲ್ಲಿ ತೊಂಬತ್ತರಷ್ಟು ಊರುಗಳು ಮುಳುಗಿದವು. ನಾರಾಯಣದೇವರಕೆರೆ ಅವುಗಳಲ್ಲೊಂದು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ದೇವರನ್ನೂ ತೇರನ್ನೂ ಜೊತೆಗೆ ತಂದರು. ಹೆದ್ದಾರಿಯಲ್ಲಿ ಸಾಗುವಾಗ ಆ ಊರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹಿರಿಯರನ್ನು ಕಂಡರೆ ಹಳೆಯ ಊರಿನ ಮಾತು ಕೇಳಿ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನೀರು ಇಳಿಜಾರಿಗೆ ಹರಿಯುತ್ತದೆ. ಕಾಲುವೆಗಳು ಅಣೆಕಟ್ಟಿನಿಂದ ಕೆಳಗೆ ಪೂರ್ವಕ್ಕೆ, ಬಳ್ಳಾರಿ, ಸಿರುಗುಪ್ಪ, ರಾಯಚೂರು, ಕರ್ನೂಲು, ಅನಂತಪುರಗಳ ಕಡೆಗೆ ಹೋದವು. ನಮ್ಮ ತಾಲ್ಲೂಕುಗಳು ಅಣೆಕಟ್ಟಿನ ಮೇಲ್ಭಾಗದಲ್ಲಿವೆ. ಕೂಡ್ಲಿಗಿ, ಕೊಟ್ಟೂರುಗಳ ನೆಲವಂತೂ ಎತ್ತರದ್ದು. ನೆಲ ಮುಳುಗಿದ್ದು ಈ ಭಾಗದಲ್ಲಿ, ನೀರು ಹರಿದದ್ದು ಬೇರೆ ಭಾಗಕ್ಕೆ. ಆದ್ದರಿಂದಲೇ ಇಲ್ಲಿಯ ರೈತರಿಗೆ ಹಿರಿಯರು ಕಟ್ಟಿದ ಕೆರೆಗಳೇ ಆಸರೆ.

ಅಂಥ ಕೆರೆಯೊಂದನ್ನು ಸಂಜೆ ನೋಡಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಜಾಲಿಮರಗಳ ತುಂಬ ಹಕ್ಕಿಗಳ ಗೂಡು. 2024ರಲ್ಲಿ ಇದು ಅಂತಾರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣವಾಯಿತು. ಅದೇ ವರ್ಷ ನದಿಯ ಆಚೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಈ ಮನ್ನಣೆ ಸಿಕ್ಕಿತು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿ ಇಳಿಯುತ್ತವೆ. ರಾತ್ರಿ ಹಗರಿಬೊಮ್ಮನಹಳ್ಳಿಯಲ್ಲಿ ತಂಗಬಹುದು.

ಮೂರನೆಯ ದಿನ: ನದಿಯ ಎರಡು ದಂಡೆ

ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಯಿಂದ ಸೇತುವೆ ದಾಟಿ ಮುಂಡರಗಿಯ ಕಡೆ ಒಮ್ಮೆ ಹೋಗಿ ಬನ್ನಿ. 1947ರಲ್ಲಿ ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. 1858ರಲ್ಲಿ ಮುಂಡರಗಿಯ ಭೀಮರಾಯ ಮತ್ತು ಹಮ್ಮಿಗಿಯ ಕೆಂಚನಗೌಡ ಬ್ರಿಟಿಷರ ವಿರುದ್ಧ ಎದ್ದು, ಮುಂಬಯಿ ಪ್ರಾಂತದ ಗಡಿ ದಾಟಿ ನಿಜಾಮರ ನೆಲದಲ್ಲಿದ್ದ ಕೊಪ್ಪಳದ ಕೋಟೆಯನ್ನು ಹಿಡಿದರು. ಅವರನ್ನು ಸದೆಬಡಿಯಲು ಬಂದ ದಂಡು ಮದರಾಸಿಗೆ ಸೇರಿದ ಬಳ್ಳಾರಿಯ ಕಡೆಯದು. ಇಬ್ಬರೂ ಅಲ್ಲಿ ಮಡಿದರು. ಬಂಡೆದ್ದವರು ಗಡಿಯನ್ನು ಎಣಿಸಲಿಲ್ಲ; ಅಡಗಿಸಲು ಬಂದವರೂ ಎಣಿಸಲಿಲ್ಲ. ಗಡಿ ಉಳಿದದ್ದು ದಿನನಿತ್ಯ ಸುಂಕ ಕಟ್ಟುವ, ಕಚೇರಿಗೆ ಅಲೆಯುವ ಸಾಮಾನ್ಯರಿಗೆ.

ಮರಳಿ ಹಡಗಲಿಗೆ ಬಂದು ಕುರುವತ್ತಿಗೆ ಹೋಗಿ. ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರ ಸೊಬಗು ನೋಡಿ, ನದಿಯ ದಂಡೆಗೆ ಇಳಿಯಿರಿ. ವಾಸಿಯಾಗದ ಕಾಯಿಲೆಗೆ ಸಿಕ್ಕಿದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರ 1068ರಲ್ಲಿ ಇಲ್ಲಿಯೇ ತುಂಗಭದ್ರೆಗೆ ಇಳಿದು ಪ್ರಾಣಬಿಟ್ಟ. ಅಂದು ಈ ನದಿ ಗಡಿಯಾಗಿರಲಿಲ್ಲ. ಎರಡೂ ದಂಡೆ ಅವನ ರಾಜ್ಯವೇ. ನದಿ ಗಡಿಯಾದದ್ದು ಬಹಳ ತಡವಾಗಿ. ಸಮೀಪದ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಕಾರಣಿಕ ನುಡಿಯುವಾಗ ನದಿಯ ಎರಡೂ ಕಡೆಯ ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ಗಡಿಯಿದ್ದಾಗಲೂ ಈ ಸೇರುವಿಕೆ ನಿಲ್ಲಲಿಲ್ಲ.

ಗೆರೆಗಳು ಸರಿದ ಬಗೆ

ಈಗ ಮತ್ತೆ ನಕ್ಷೆಗೆ ಬರೋಣ. ಬಳ್ಳಾರಿ ಜಿಲ್ಲೆಯಲ್ಲಿ ಕನ್ನಡ, ತೆಲುಗು ಎರಡೂ ಇದ್ದವು. 1921ರಲ್ಲಿ ಕಾಂಗ್ರೆಸ್ಸಿನ ಪ್ರಾಂತೀಯ ಸಮಿತಿಗಳ ಹಂಚಿಕೆಗಾಗಿ ಎನ್. ಸಿ. ಕೇಳ್ಕರ್ ನೀಡಿದ ತೀರ್ಪು ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳನ್ನು ಕರ್ನಾಟಕಕ್ಕೆ ಸೇರಿಸಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಮ್ಮ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಬಳ್ಳಾರಿ ತಾಲ್ಲೂಕಿನ ವಿವಾದವನ್ನು ನ್ಯಾಯಮೂರ್ತಿ ಮಿಶ್ರಾ ವರದಿ ಬಗೆಹರಿಸಿತು. ಆ ಸಂಭ್ರಮದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ದಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. 1956ರ ನವೆಂಬರ್ 1ರಂದು ಕೊಪ್ಪಳ, ಧಾರವಾಡಗಳ ಕಡೆಯವರೂ ಬಂದು ಸೇರಿದಾಗ ನೀವು ಸುತ್ತಿದ ಐದು ಸರ್ಕಾರಗಳ ನೆಲ ಒಂದೇ ರಾಜ್ಯವಾಯಿತು.

ಆದರೂ ಗೆರೆ ಸರಿಯುವುದು ನಿಲ್ಲಲಿಲ್ಲ. ಹರಪನಹಳ್ಳಿಯ ಕಥೆ ಕೇಳಿ. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ. 2021ರಲ್ಲಿ ವಿಜಯನಗರ ಜಿಲ್ಲೆಗೆ. ಇದು ಬರೀ ಹೆಸರಿನ ಮಾತಲ್ಲ. ಸಂವಿಧಾನದ 371(ಜೆ) ವಿಧಿಯಿಂದ ಬಳ್ಳಾರಿಯೂ ಸೇರಿದಂತೆ ಆರು ಜಿಲ್ಲೆಗಳಿಗೆ ಶಿಕ್ಷಣದಲ್ಲೂ ಉದ್ಯೋಗದಲ್ಲೂ ಮೀಸಲಾತಿ ಬಂದಾಗ ಹರಪನಹಳ್ಳಿ ದಾವಣಗೆರೆಯಲ್ಲಿದ್ದ ಕಾರಣ ಹೊರಗುಳಿಯಿತು. ಪಕ್ಕದ ಕೊಟ್ಟೂರಿನ ಹುಡುಗಿಗೆ ಇದ್ದ ಅವಕಾಶ ಹರಪನಹಳ್ಳಿಯ ಹುಡುಗಿಗೆ ಇಲ್ಲ. ಮಳೆ ಒಂದೇ, ಬರ ಒಂದೇ, ಗೆರೆ ಮಾತ್ರ ನಡುವೆ. ಜನ ವರ್ಷಗಟ್ಟಲೆ ಹೋರಾಡಿದ್ದು ಇದಕ್ಕಾಗಿ.

ಮೊದಲು ಕೇಳಿದ ಪ್ರಶ್ನೆಗೆ ಇದೇ ಉತ್ತರ. ಸರ್ಕಾರದ ಗೆರೆಯನ್ನು ಎಳೆದವರು ಮನುಷ್ಯರು, ಅಳಿಸುವವರೂ ಅವರೇ. ಆದರೆ ಇರುವಷ್ಟು ಕಾಲ ಅದು ರೈಲನ್ನು ನಿಲ್ಲಿಸಬಲ್ಲದು, ನೀರನ್ನು ಹಂಚಬಲ್ಲದು, ಒಬ್ಬ ವಿದ್ಯಾರ್ಥಿಯ ಸೀಟನ್ನೂ ತೀರ್ಮಾನಿಸಬಲ್ಲದು. ಗಡಿಯ ಚರಿತ್ರೆಯನ್ನು ಓದಬೇಕಾದದ್ದು ಅದಕ್ಕಾಗಿಯೇ.

ಹೊರಡುವ ಮುನ್ನ

ಅಕ್ಟೋಬರಿನಿಂದ ಜನವರಿಯವರೆಗೆ ಈ ಪ್ರವಾಸಕ್ಕೆ ಒಳ್ಳೆಯ ಕಾಲ; ಬಿಸಿಲು ಕಡಿಮೆ, ಮಳೆ ಚೆನ್ನಾಗಿ ಆಗಿದ್ದರೆ ಕೆರೆಗಳಲ್ಲಿ ನೀರೂ ಇರುತ್ತದೆ. ಶಾಸನದ ಕಲ್ಲಿನ ಮೇಲೆ ಸುಣ್ಣ, ಎಣ್ಣೆ ಹಚ್ಚಬೇಡಿ, ಹೆಸರು ಕೆತ್ತಬೇಡಿ. ಕೆರೆಯ ಬಳಿ ವಾಹನದ ಹಾರನ್ ಬೇಡ. ಎಲ್ಲಕ್ಕಿಂತ ಮೊದಲು ಮನೆಯ ಹಳೆಯ ಪೆಟ್ಟಿಗೆಯನ್ನು ತೆರೆದು ಅಜ್ಜನ ಜಮೀನಿನ ಪತ್ರವನ್ನೋ ಅಜ್ಜಿಯ ಶಾಲೆಯ ಸರ್ಟಿಫಿಕೇಟನ್ನೋ ಹುಡುಕಿ. ಅದರ ಮೇಲೆ ಯಾವ ಜಿಲ್ಲೆ, ಯಾವ ರಾಜ್ಯದ ಹೆಸರಿದೆ ನೋಡಿ ಬರೆದುಕೊಳ್ಳಿ. ನಿಮ್ಮ ಪ್ರವಾಸದ ಮೊದಲ ನಿಲುಗಡೆ ಅದೇ.