ಬೋಲ್ಟಿನ ತೂತು ಬದಲಾಗಲಿಲ್ಲ

1947ರಲ್ಲಿ ಅಮೆರಿಕದ ಶೆವ್ರೊಲೆ ಕಂಪನಿ ಯುದ್ಧಾನಂತರದ ತನ್ನ ಹೊಸ ಪಿಕಪ್ ಟ್ರಕ್ಕನ್ನು ರಸ್ತೆಗಿಳಿಸಿತು. ದುಂಡು ಮೂತಿ, ಉಬ್ಬಿದ ಮಡ್‌ಗಾರ್ಡು, ಒಳಗೆ 216 ಕ್ಯೂಬಿಕ್ ಇಂಚಿನ, 90 ಹಾರ್ಸ್‌ಪವರ್‌ನ ಆರು ಸಿಲಿಂಡರ್ ಎಂಜಿನ್. ಇದರ ಕನೆಕ್ಟಿಂಗ್ ರಾಡ್ ಬೇರಿಂಗುಗಳಿಗೆ ಪಂಪಿನ ಒತ್ತಡದಲ್ಲಿ ಆಯಿಲ್ ಹೋಗ್ತಿರಲಿಲ್ಲ. ರಾಡಿನ ತುದಿಯಲ್ಲಿದ್ದ ಪುಟ್ಟ ಸೌಟು ಪ್ರತಿ ಸುತ್ತಿಗೂ ಆಯಿಲ್ ಮೊಗೆದುಕೊಳ್ಳಬೇಕು. ಹೊಲದಿಂದ ಪೇಟೆಗೆ ಹೊರೆ ಸಾಗಿಸೋಕೆ ಅಷ್ಟು ಸಾಕು. ಹೈವೇಯಲ್ಲಿ ಗಂಟೆಗಟ್ಟಲೆ ಜೋರಾಗಿ ಓಡೋಕೆ ಸಾಲದು.

1955ರಲ್ಲಿ ಎಡ್ ಕೋಲ್ ಎಂಬ ಎಂಜಿನಿಯರ್ ನೇತೃತ್ವದಲ್ಲಿ 265 ಕ್ಯೂಬಿಕ್ ಇಂಚಿನ ವಿ8 ಬಂತು. ಅದೇ ಆಮೇಲೆ ‘ಸ್ಮಾಲ್ ಬ್ಲಾಕ್’ ಅಂತ ಹೆಸರಾಯಿತು. 1967ರ ಹೊತ್ತಿಗೆ ಅದು 350 ಕ್ಯೂಬಿಕ್ ಇಂಚಿಗೆ ಬೆಳೆದಿತ್ತು. ಆದರೆ ಗೇರ್‌ಬಾಕ್ಸ್ ಕೂರುವ ಹಿಂಬದಿಯ ಬೋಲ್ಟ್ ತೂತುಗಳು ಇದ್ದಲ್ಲೇ ಇದ್ದವು. ನಮ್ಮ ಭಾಷೇಲಿ ಹೇಳೋದಾದ್ರೆ, ಒಳಗಿನ ಕೋಡ್ ಎಷ್ಟು ಬದಲಾದ್ರೂ ಎಪಿಐ ಬದಲಾಗಲಿಲ್ಲ. ಗುಜರಿ ಸೇರಿದ ಕಾರಿನ ಎಂಜಿನ್ ಹಳೇ ಟ್ರಕ್ಕಿಗೆ ಹೊಸ ಜೀವ ಕೊಡೋಕೆ ಶುರುವಾಗಿದ್ದು ಹೀಗೆ. ಹಾಗಾಗಿ ಇದು ಗೆದ್ದದ್ದು ಬರೀ ಶಕ್ತಿಯಿಂದಲ್ಲ, ಹೊಂದಾಣಿಕೆಯಿಂದ ಅಂತ ನನಗನ್ನಿಸುತ್ತೆ.

ಆದ್ರೆ ನೋಡಿ, 1947ರ ಟ್ರಕ್ಕಿಗೆ ವಿ8 ಕೂರಿಸೋದು ಅಂದ್ರೆ ಎಂಜಿನ್ ಒಂದನ್ನೇ ಬದಲಿಸೋದಲ್ಲ. ಅದರ ಪ್ರೊಪೆಲ್ಲರ್ ಶಾಫ್ಟ್ ಮುಚ್ಚಿದ ಕೊಳವೆಯೊಳಗಿದೆ. ಹೊಸ ಗೇರ್‌ಬಾಕ್ಸ್ ಹಾಕಿದರೆ ಹಿಂದಿನ ಆಕ್ಸಲ್ಲೂ ಬದಲಾಗಬೇಕು. ವೈರಿಂಗ್ 6 ವೋಲ್ಟಿನದು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ನಾಲ್ಕಕ್ಕೂ ಸೇರಿ ಒಂದೇ ಹೈಡ್ರಾಲಿಕ್ ಸರ್ಕ್ಯೂಟ್. ಒಂದು ಪೈಪ್ ಒಡೆದರೆ ಪೆಡಲ್ ತುಳಿದೂ ಪ್ರಯೋಜನವಿಲ್ಲ. 1999ರಿಂದ ಟ್ರಕ್ಕುಗಳಲ್ಲಿ ಬಂದ 5.3 ಲೀಟರಿನ ಹೊಸ ಪೀಳಿಗೆಯ ವಿ8 ಹಾಕಿದರೆ ಶಕ್ತಿ ಮೂರು ಪಟ್ಟು ಸಿಗುತ್ತೆ ನಿಜ. ಜೊತೆಗೆ ಕಂಪ್ಯೂಟರ್, ಅದರ ವೈರಿಂಗ್, ಹೆಚ್ಚು ಒತ್ತಡದ ಪೆಟ್ರೋಲ್ ಪಂಪೂ ಬೇಕು. ಓಡಿಸುವ ಶಕ್ತಿ ಹೆಚ್ಚಿಸೋ ಮೊದಲು ನಿಲ್ಲಿಸುವ ಶಕ್ತಿ ಹೆಚ್ಚಿಸಬೇಕು. ಇದು ಜೀವದ ಪ್ರಶ್ನೆ.

ಇನ್ನೊಂದು ದಾರಿಯೂ ಇದೆ, ಸದ್ದಿಲ್ಲದ್ದು. ಶೆವ್ರೊಲೆಯದೇ 235 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಎಂಜಿನ್. 1954ರಿಂದ ಅದರ ಬೇರಿಂಗುಗಳಿಗೆಲ್ಲ ಒತ್ತಡದಲ್ಲೇ ಆಯಿಲ್ ಹೋಗುತ್ತೆ. ಹೊರ ಅಳತೆ 216ರದ್ದಕ್ಕೆ ಹತ್ತಿರ. ವಾಟರ್ ಪಂಪಿನ ಹತ್ತಿರ ಒಂದಿಷ್ಟು ಹೊಂದಿಸಿಕೊಂಡರೆ ಹಳೇ ಗೇರ್‌ಬಾಕ್ಸ್, ಆಕ್ಸಲ್ ಇದ್ದಂತೆಯೇ ಇರುತ್ತವೆ.

ನನ್ನನ್ನು ಕೇಳಿದರೆ ಈ 235ಕ್ಕೇ ನನ್ನ ಓಟು. ದಿನಾ ಹೈವೇ ಹತ್ತೋರಿಗೆ ವಿ8 ಬೇಕಾದೀತು, ತಪ್ಪಲ್ಲ. ಆದ್ರೆ ಹಳೇ ವ್ಯವಸ್ಥೆಗೆ ಕೈ ಹಾಕುವಾಗ ಹೊಸದರ ವೇಗ ಎಷ್ಟು ಅನ್ನೋದಕ್ಕಿಂತ, ಉಳಿದದ್ದು ಅದನ್ನು ತಡೆದುಕೊಳ್ಳುತ್ತಾ ಅನ್ನೋದನ್ನ ಮೊದಲು ಕೇಳಬೇಕು.