ಹೊರಗಿನವರು ಯಾರು? ದುರ್ಗದ ಪುಸ್ತಕಗಳ ಸುತ್ತ ಒಂದು ಜಗಳ

ದುರ್ಗದ ಕೋಟೆಗೆ ಏಳು ಸುತ್ತು. ಮರಾಠರು ಬಂದದ್ದು, ಹೈದರಾಲಿ ಬಂದದ್ದು, ಯಾರು ಎಲ್ಲಿಂದ ಲಗ್ಗೆ ಹಾಕಿದರು ಅನ್ನೋದು, ಎಲ್ಲವನ್ನೂ ನಮ್ಮ ಚರಿತ್ರೆಕಾರರು ಬರೆದಿಟ್ಟಿದ್ದಾರೆ. ಹೊರಗಿನಿಂದ ಬಂದ ವೈರಿಯ ಲೆಕ್ಕ ಪಕ್ಕಾ ಇದೆ. ಒಳಗೇ ಹುಟ್ಟಿ, ಒಳಗೇ ದುಡಿದು, ಒಳಗೇ ಸತ್ತು, ಆದರೂ ಹೊರಗಿನವರಾಗೇ ಉಳಿದವರ ಲೆಕ್ಕ ಹುಡುಕಲು ಹೋದರೆ ಪುಟ ತಿರುವಿ ತಿರುವಿ ಕೈ ಸೋಲುತ್ತದೆ.

ಓಬವ್ವನನ್ನೇ ತಗೊಳ್ಳಿ. ಕಾವಲಿನ ಕಹಳೆ ಮುದ್ದಹನುಮ ಉಣ್ಣಲು ಕೂತಿದ್ದ, ಹೆಂಡತಿ ನೀರಿಗೆ ಹೋದಳು, ಕಿಂಡಿಯಲ್ಲಿ ಹೈದರನ ಸಿಪಾಯಿಗಳು ಒಬ್ಬೊಬ್ಬರಾಗಿ ನುಸುಳುವುದು ಕಂಡಳು, ಒನಕೆ ಹಿಡಿದು ನಿಂತಳು. ಜನ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಕತೆ ಇದು. 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಸಿನಿಮಾ ಬಂದ ಮೇಲೆ ಓಬವ್ವ ಇಡೀ ರಾಜ್ಯದವಳಾದಳು. ದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರು ಬಂತು. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಜಯಂತಿ ಮಾಡುತ್ತಿದೆ. ಒಳ್ಳೆಯದೇ. ಆದರೆ ಓಬವ್ವ ಛಲವಾದಿ ಹೆಣ್ಣುಮಗಳು. ಕೋಟೆ ಕಾಯಲು ಅವಳ ಒನಕೆ ಮೈಲಿಗೆಯಾಗಲಿಲ್ಲ. ಅವಳ ಕುಲದವರ ಕೊಡ ಮಾತ್ರ ಎಷ್ಟೋ ಊರ ಬಾವಿಗೆ ಮೊನ್ನೆಮೊನ್ನೆಯವರೆಗೂ ಮೈಲಿಗೆಯಾಗಿತ್ತು. ಅವ್ವನ ಮೂರ್ತಿಗೆ ಹಾರ ಹಾಕುವ ಕೈ ಅವ್ವನ ಮಕ್ಕಳಿಗೆ ನೀರು ಹಾಕಲು ಯಾಕೆ ತಡವರಿಸಿತು?

ಈ ಪ್ರಶ್ನೆ ನಮ್ಮ ನಾಲ್ವರ ನಡುವೆ ಜಗಳವಾಗಿ ಎರಡು ವರ್ಷವಾಯಿತು. ಹಿರಿಯೂರು ಕಡೆಯ ಗೊಲ್ಲರಹಟ್ಟಿಯವನೊಬ್ಬ, ಕೇಸರಿ ಶಾಲಿನವನು. ಹೊಸದುರ್ಗದವನು ಲಿಂಗಾಯತ ರೈತರ ಮನೆಯವನು, ಹಸಿರು ಶಾಲು. ಹೊಳಲ್ಕೆರೆಯವನು ಛಲವಾದಿ, ಕೆಂಬಾವುಟ. ನಾನು ದುರ್ಗದ ಕಡೆಯ ಮಾದಿಗರ ಕೇರಿಯವನು, ನೀಲಿ. ಓಟಿನ ದಿನ ಒಬ್ಬರ ಮುಖ ಒಬ್ಬರು ನೋಡದವರು. ತಿಂಗಳಿಗೊಂದು ಪುಸ್ತಕ ಓದಿಕೊಂಡು ಬಂದು ಬೈದಾಡುವುದನ್ನು ಮಾತ್ರ ತಪ್ಪಿಸಿಲ್ಲ.

ಮೊದಲು ಹಿಡಿದದ್ದು ತ.ರಾ.ಸು. ಅವರ 'ದುರ್ಗಾಸ್ತಮಾನ'. ತ.ರಾ.ಸು. ಹುಟ್ಟಿದ್ದು 1920ರಲ್ಲಿ, ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ. ಮನೆತನದ ಬೇರು ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿ. 1982ರಲ್ಲಿ ಈ ಕಾದಂಬರಿ ಬಂತು, 1984ರಲ್ಲಿ ಅವರು ತೀರಿಕೊಂಡರು, ಮಾರನೆ ವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದುರ್ಗದ ಕಲ್ಲುಕಲ್ಲನ್ನೂ ಪ್ರೀತಿಸಿದ ಮನುಷ್ಯ. ಆ ಪ್ರೀತಿಯ ಬಗ್ಗೆ ನಮ್ಮಲ್ಲಿ ತಕರಾರಿಲ್ಲ. ಕೊನೆಯ ಪುಟಗಳನ್ನು ಓದುವಾಗ ನಾಲ್ವರ ಗಂಟಲೂ ಕಟ್ಟಿತ್ತು.

ಗಂಟಲು ಸರಿಯಾದ ಮೇಲೆ ಶುರುವಾಯಿತು. 'ನೋಡ್ರಲಾ, ಉಂಡ ಮನೆಗೇ ಎರಡು ಬಗೆದ್ರು' ಅಂದ ಹಿರಿಯೂರಿನವನು. ಅವನ ಮಾತಿಗೆ ಆಧಾರ ಇಲ್ಲದಿಲ್ಲ. 1779ರಲ್ಲಿ ಕೋಟೆ ಬಿದ್ದದ್ದು ನಾಯಕನ ಪಡೆಯಲ್ಲೇ ಇದ್ದ ಮುಸಲ್ಮಾನ ಸರದಾರರ ದ್ರೋಹದಿಂದ ಎಂದು ಇಂಗ್ಲಿಷರ ಗೆಜೆಟಿಯರ್ ಬರೆದಿದೆ. ಆದರೆ ಆ ಗೆಜೆಟಿಯರ್ ಬರೆಸಿದವರು ಯಾರು? 1799ರಲ್ಲಿ ಟಿಪ್ಪುವನ್ನು ಕೊಂದು ಶ್ರೀರಂಗಪಟ್ಟಣ ಗೆದ್ದವರು. ಹೈದರನ ಮನೆತನವನ್ನು ಕಪ್ಪು ಬಳಿದಷ್ಟೂ ಅವರ ಗೆಲುವು ಬೆಳ್ಳಗಾಗುತ್ತಿತ್ತು. ಹೊಸದುರ್ಗದವನು ಇನ್ನೊಂದು ಎಳೆ ಎಳೆದ. 1763ರಲ್ಲಿ ಹೈದರ್ ಬಿದನೂರಿನ ಮೇಲೆ ಹೋದಾಗ ದುರ್ಗ ಅವನ ಜೊತೆಗಿತ್ತು. ಅಲ್ಲಿ ಸೂರೆಯಾದದ್ದು ಕೆಳದಿಯವರ ರಾಜಧಾನಿ. ಹದಿನಾರು ವರ್ಷ ಹಿಂದಿನ ಗೆಣೆಕಾರ 1779ರಲ್ಲಿ ಪರಕೀಯ ಹೇಗಾದ? ಪಾಳೆಯಗಾರನಿಗೆ, ಸುಲ್ತಾನನಿಗೆ, ಪೇಶ್ವೆಗೆ ಬೇಕಾಗಿದ್ದದ್ದು ಕಪ್ಪಕಾಣಿಕೆ. ದೇವರ ಹೆಸರು ಹೇಳಿ ಲೆಕ್ಕ ಚುಕ್ತಾ ಮಾಡುವುದನ್ನು ನಾವು ಆಮೇಲೆ ಕಲಿತೆವು.

ಕೋಟೆ ಬಿದ್ದ ಮೇಲಿನ ಕತೆಯನ್ನಂತೂ ಭಾಷಣಕಾರರು ಹೇಳುವುದೇ ಇಲ್ಲ. ಹೈದರ್ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಎಂದು ಅದೇ ಗೆಜೆಟಿಯರ್ ಹೇಳುತ್ತದೆ. ಹುಡುಗರನ್ನೆಲ್ಲ ಸೇರಿಸಿ ಚೇಲಾ ಪಟಾಲಂ ಕಟ್ಟಿದರು. ಅಪ್ಪಂದಿರು ಯಾರ ಮೇಲೆ ಕತ್ತಿ ಎತ್ತಿದ್ದರೋ ಮಕ್ಕಳು ಅವರ ಕತ್ತಿ ಹಿಡಿದರು. ದುರ್ಗದ ಬೇಡರ ಹುಡುಗ ಪಟ್ಟಣದ ಸಿಪಾಯಿಯಾಗಿ ನಿಂತಾಗ ಅವನು ಒಳಗಿನವನೋ ಹೊರಗಿನವನೋ? ಈ ಮಾತಿಗೆ ಹಿರಿಯೂರಿನವನು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಬೀಡಿ ಹಚ್ಚಿಕೊಂಡ.

ಅದೇ ಹೈದರನ ಕಾಲವನ್ನು ಬಿ.ಎಲ್. ವೇಣು 'ಕಲ್ಲರಳಿ ಹೂವಾಗಿ'ಯಲ್ಲಿ ಬೇರೆ ಕಣ್ಣಿನಿಂದ ಕಂಡರು. ಯುದ್ಧದ ನಡುವೆ ಒಬ್ಬ ಹಿಂದೂ ಹುಡುಗ, ಒಬ್ಬ ಮುಸಲ್ಮಾನರ ಹುಡುಗಿ. 2006ರಲ್ಲಿ ನಾಗಾಭರಣ ಅದನ್ನು ಸಿನಿಮಾ ಮಾಡಿದರು, ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂತು. ಹೊಸದುರ್ಗದವನಿಗೆ ಇದು ಬಲು ಇಷ್ಟ. ನನಗೂ ಇಷ್ಟವೇ. ಆದರೂ ಕೇಳಿದೆ: ಸೇನೆ ಸೇನೆ ನಡುವೆ ಪ್ರೀತಿ ಹುಟ್ಟಿತಲ್ಲ, ಕುದುರೆಯ ಜೀನು ಹೊಲಿದವನು ಎಲ್ಲಿದ್ದ? ಸಿಪಾಯಿಯ ಎಕ್ಕಡ, ಲಗ್ಗೆಯ ತಮಟೆ, ನೀರೆತ್ತುವ ಕಪಿಲೆಯ ಬಾನಿ, ಎಲ್ಲವೂ ಚರ್ಮ. ಚರ್ಮವಿಲ್ಲದೆ ಒಂದು ಯುದ್ಧ ನಡೆಯಲಿಲ್ಲ. ಚರ್ಮ ಹದ ಮಾಡಿದವನು ಮಾತ್ರ ರಾಜನ ಕಾದಂಬರಿಗೂ ಬರಲಿಲ್ಲ, ಪ್ರೇಮದ ಕಾದಂಬರಿಗೂ ಬರಲಿಲ್ಲ. ಧರ್ಮ ಧರ್ಮದ ನಡುವಿನ ಗೋಡೆ ನಮ್ಮ ಲೇಖಕರಿಗೆ ಬೇಗ ಕಾಣುತ್ತದೆ. ಊರಿಗೂ ಕೇರಿಗೂ ನಡುವಿನ ಗೋಡೆಗೆ ಅವರು ಒರಗಿಕೊಂಡೇ ಕೂತಿರುತ್ತಾರೆ, ಬೆನ್ನಿಗೆ ತಾಕಿದ್ದು ಕಣ್ಣಿಗೆ ಕಾಣುವುದಿಲ್ಲ.

ಹೀಗಂದದ್ದಕ್ಕೆ ಹಿರಿಯೂರಿನವನು ಕೆರಳಿದ. 'ನಿಮ್ಗೆ ಮೇಲಿನೋರ ಗೋಡೆ ಕಾಣ್ತದೆ. ನಮ್ಮ ಬೇಲಿ ಯಾವತ್ತಾದ್ರೂ ಕಂಡೈತಾ?'

ಅವನು ಬೇಲಿ ಅಂದದ್ದು ಸುಮ್ಮನಲ್ಲ. 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದರು. ಪಾವಗಡ ತುಮಕೂರು ಜಿಲ್ಲೆಯದಾದರೂ ಓಟಿಗೆ ನಮ್ಮ ಕ್ಷೇತ್ರ. 2009ರ ಚುನಾವಣೆಯಿಂದ ಕ್ಷೇತ್ರ ಪರಿಶಿಷ್ಟರಿಗೆ ಮೀಸಲು. ಸಂಸದರು ಮಾದಿಗರು, ಭಾರತೀಯ ಜನತಾ ಪಕ್ಷದವರು. ಹಟ್ಟಿಯ ಜನ ಅವರನ್ನು ಒಳಗೆ ಬಿಡಲಿಲ್ಲ. ಹೊರಗೆ ಒಂದು ಕುರ್ಚಿ ಹಾಕಿದರು. ಲಕ್ಷಗಟ್ಟಲೆ ಓಟು ಪಡೆದು ಪಾರ್ಲಿಮೆಂಟಿನ ಬಾಗಿಲು ದಾಟಿದ ಮನುಷ್ಯ ಕಳ್ಳಿಬೇಲಿಯ ಹಟ್ಟಿ ದಾಟಲಾಗದೆ ವಾಪಸಾದರು. ಆ ಸುದ್ದಿ ಓದಿದಾಗ ನನ್ನ ಮೈ ಉರಿದಿತ್ತು. ಪಕ್ಷ ಯಾವುದಾದರೇನು, ಹೊರಗೆ ಕೂತದ್ದು ನಮ್ಮವನು.

ಹಿರಿಯೂರಿನವನು ಅದನ್ನು ಸಮರ್ಥಿಸಲಿಲ್ಲ, ಅವನದೇ ಪಕ್ಷದ ಸಂಸದರು ಬೇರೆ. ಅವನು ಅಂದದ್ದು ಇದು: 'ನಿಮ್ಮನ್ನಷ್ಟೇ ಅಲ್ಲ ಕಣ್ಲಾ, ನಮ್ಮವ್ವನ್ನೂ ಹೊರಗೇ ಇಕ್ಕಿದ್ರು. ನಾನು ಹುಟ್ಟಿದ್ದೇ ಬೇಲಿ ಆಚೆ ಗುಡ್ಲಾಗೆ.' ಮುಟ್ಟಾದ ಹೆಂಗಸರು, ಬಾಣಂತಿಯರು, ಹಸುಗೂಸುಗಳು ಹಟ್ಟಿಯ ಹೊರಗಿರಬೇಕು ಅನ್ನೋದು ಕಾಡುಗೊಲ್ಲರ ಕಟ್ಟಳೆ. 2023ರಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹಾಗೆ ಹೊರಗಿಟ್ಟ ಗುಡಿಸಲಲ್ಲಿ ಕೂಸು ಸತ್ತಾಗ ರಾಜ್ಯವೆಲ್ಲ ಮಾತಾಡಿತು, ಆಮೇಲೆ ಮರೆಯಿತು. ಮುಂದಿನ ತಿಂಗಳು ಅವನು ತಂದ ಪುಸ್ತಕ ತೀ.ನಂ. ಶಂಕರನಾರಾಯಣರ 'ಕಾಡುಗೊಲ್ಲರ ಸಂಪ್ರದಾಯಗಳು ಮತ್ತು ನಂಬಿಕೆಗಳು'. ಒಂದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನಮಗೆ ಜುಂಜಪ್ಪ, ಎತ್ತಪ್ಪ ಯಾರು, ದೇವರ ಎತ್ತು ಅಂದರೇನು, ಹಟ್ಟಿಗೆ ಕೋಳಿ ಯಾಕೆ ಬರಬಾರದು, ಒಂದೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಓಡಾಡಿದ ಜನ ನಾವು.

ತಿಳಿದುಕೊಂಡ ಮಾತ್ರಕ್ಕೆ ಒಪ್ಪಿಕೊಂಡ ಹಾಗಲ್ಲ. ಹೊಳಲ್ಕೆರೆಯವನು ಖಡಾಖಂಡಿತವಾಗಿ ಹೇಳಿದ: 'ಸಂಪ್ರದಾಯ ಅಂತ ಪುಸ್ತಕ ಬರೆದ್ರೆ ಹೆಣ್ಮಕ್ಕಳ ಚಳಿ ಹೋಗ್ತದಾ?' ಅವನ ಪಕ್ಷ ಸರಿಯೋ ತಪ್ಪೋ, ಆ ಮಾತು ಸರಿ.

ರಾಜಕೀಯ ಬೇರೆಯಾದವರು ಕೂತು ಓದುವುದು ಈ ಸೀಮೆಗೆ ಹೊಸದೇನಲ್ಲ. ಬಿ. ಕೃಷ್ಣಪ್ಪ ಹರಿಹರದವರು. 1938ರಲ್ಲಿ ಹುಟ್ಟಿದರು. ಅವರು ತೀರಿಕೊಂಡ 1997ರಲ್ಲೇ ದಾವಣಗೆರೆ ಜಿಲ್ಲೆಯಾಯಿತು. ಅಲ್ಲಿವರೆಗೆ ಹರಿಹರ ನಮ್ಮ ಚಿತ್ರದುರ್ಗ ಜಿಲ್ಲೆಯೇ. ತ.ರಾ.ಸು. ಹುಟ್ಟಿದ ತಾಲ್ಲೂಕೂ ಅದೇ. ಒಂದೇ ತಾಲ್ಲೂಕಿನ ಮಣ್ಣು ಒಬ್ಬರಿಗೆ ಕೋಟೆಯ ಕನಸು ಕೊಟ್ಟಿತು, ಇನ್ನೊಬ್ಬರಿಗೆ ಕೇರಿಯ ಸಿಟ್ಟು ಕೊಟ್ಟಿತು. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು, ಬೆಂಕಿ ಹತ್ತಿತು, ಮಂತ್ರಿ ಪದವಿ ಹೋಯಿತು. ದಲಿತ ಹುಡುಗರು ಏಟು ತಿಂದರು. ಆ ಏಟಿನ ನೋವಿನಲ್ಲೇ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಅಲ್ಲಿ ಕೂಡಿದವರು ಒಂದೇ ಬಣ್ಣದವರಾಗಿರಲಿಲ್ಲ. ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಕೃಷ್ಣಪ್ಪ ಅಂಬೇಡ್ಕರ್ ಹಿಡಿದವರು. ದೇವನೂರ ಮಹಾದೇವ ಲೋಹಿಯಾ ಓದಿ ಬಂದವರು. ಸಿದ್ಧಲಿಂಗಯ್ಯ, ಡಿ.ಆರ್. ನಾಗರಾಜ್ ಅವರಿಗೆ ಮಾರ್ಕ್ಸ್ ಸೆಳೆತ. ನಾಗರಾಜ್ ದಲಿತರೂ ಅಲ್ಲ, ನೇಕಾರರ ಮನೆಯವರು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಎಂದು ಕೇಳಿ ಇಲ್ಲ ಅನ್ನಿಸಿಕೊಂಡಾಗ ಬೆಂಗಳೂರಿನಲ್ಲಿ ಬಂಡಾಯದ ಸಮ್ಮೇಳನ ಸೇರಿತು. ಮುಂದೆ ಸಮಿತಿ ಹೋಳು ಹೋಳಾಯಿತು ಅನ್ನೋದನ್ನು ಬಹಳ ಜನ ನಗುತ್ತಾ ಹೇಳುತ್ತಾರೆ. ಹೋಳಾಗುವ ಮುಂಚೆ ಅಷ್ಟು ಬೇರೆ ಬೇರೆ ಜನ ಒಂದೇ ಚಾಪೆಯಲ್ಲಿ ಕೂತಿದ್ದರು ಅನ್ನೋದು ಅವರಿಗೆ ನೆನಪಾಗುವುದಿಲ್ಲ.

ಅದೇ ನಾಗರಾಜ್ 1993ರಲ್ಲಿ ಇಂಗ್ಲಿಷಿನಲ್ಲಿ 'ದಿ ಫ್ಲೇಮಿಂಗ್ ಫೀಟ್' ಬರೆದರು. 1932ರ ಸೆಪ್ಟೆಂಬರಿನಲ್ಲಿ ಯರವಾಡ ಜೈಲಿನಲ್ಲಿ ಗಾಂಧಿ ಉಪವಾಸ ಕೂತು, ಪ್ರತ್ಯೇಕ ಮತಕ್ಷೇತ್ರವನ್ನು ಅಂಬೇಡ್ಕರ್ ಬಿಟ್ಟುಕೊಟ್ಟು ಪೂನಾ ಒಪ್ಪಂದ ಆಯಿತಲ್ಲ, ಆ ಮುಖಾಮುಖಿ ಇಬ್ಬರನ್ನೂ ಬದಲಿಸಿತು ಎಂಬುದು ಅವರ ವಾದ. ಹೊಸದುರ್ಗದವನು ಹೌದು ಹೌದು ಅಂದ. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಒಬ್ಬರ ಪ್ರಾಣ ಪಣಕ್ಕಿಟ್ಟು ಇನ್ನೊಬ್ಬರ ಹಕ್ಕು ಬಿಡಿಸಿಕೊಂಡದ್ದನ್ನು ಸಂವಾದ ಅನ್ನುವುದು ಹೇಗೆ? ಆದರೂ ಗಾಂಧಿಯನ್ನು ಬೈದು ಮುಗಿಸಿದೆ ಅಂದುಕೊಂಡಿದ್ದ ನನಗೆ ಆ ಪುಸ್ತಕ ಅವರನ್ನು ಎರಡನೆ ಸಲ ಓದಿಸಿತು. ಇದು ಪುಸ್ತಕದ ಗೆಲುವು.

ನಮ್ಮೊಳಗಿನ ಗೋಡೆ ಎದ್ದದ್ದು 2025ರಲ್ಲಿ. ಒಳಮೀಸಲಾತಿಗೆ 2005ರಲ್ಲಿ ಸದಾಶಿವ ಆಯೋಗ ಬಂತು, 2012ರಲ್ಲಿ ವರದಿ ಕೊಟ್ಟಿತು, ವರದಿ ಬೀರುವಿನಲ್ಲಿ ಮಲಗಿತು. 2024ರ ಆಗಸ್ಟ್ 1ಕ್ಕೆ ಸುಪ್ರೀಂ ಕೋರ್ಟು ಒಳಹಂಚಿಕೆ ಮಾಡಬಹುದು ಅಂದಿತು. ನಾಗಮೋಹನದಾಸ್ ಆಯೋಗದ ವರದಿ ಬಂದ ಮೇಲೆ 2025ರ ಆಗಸ್ಟಿನಲ್ಲಿ ಸರ್ಕಾರ ಶೇ. 17ನ್ನು 6, 6, 5 ಅಂತ ಹಂಚಲು ತೀರ್ಮಾನಿಸಿತು. ಎಡದವರಿಗೆ ಆರು, ಬಲದವರಿಗೆ ಆರು, ಮಿಕ್ಕವರಿಗೆಲ್ಲ ಐದು. ಅಲೆಮಾರಿಗಳು ನಮಗೆ ಬೇರೆ ಪಾಲು ಎಲ್ಲಿ ಎಂದು ಬೀದಿಗಿಳಿದರು. ಹೊಳಲ್ಕೆರೆಯವನು ಬಲ, ನಾನು ಎಡ. ಗೊಲ್ಲನ ಬೇಲಿ, ಲಿಂಗಾಯತನ ಜಗಲಿ ಎಲ್ಲದರ ಬಗ್ಗೆ ಒಂದೇ ದನಿಯಲ್ಲಿ ಮಾತಾಡುತ್ತಿದ್ದ ನಾವಿಬ್ಬರು ಮೂರು ತಿಂಗಳು ಸರಿಯಾಗಿ ಮಾತಾಡಲಿಲ್ಲ. 1975ರಲ್ಲಿ ಸಿದ್ಧಲಿಂಗಯ್ಯ ತಮ್ಮ ಮೊದಲ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಅಂತ ಹೆಸರಿಟ್ಟರು. ಎರಡು ಕೇರಿ, ಒಂದೇ ಪದ. ಸಮಾಸ ಮಾಡುವುದು ಕವಿಗೆ ಸಾಧ್ಯ, ನೌಕರಿಯ ಪಟ್ಟಿಯಲ್ಲಿ ಅದು ಬಿಡಿಸಿಕೊಳ್ಳುತ್ತದೆ. ನನ್ನ ಪಾಲು ನನಗೆ ಬೇಕು ಅನ್ನೋದರಲ್ಲಿ ನನಗೆ ನಾಚಿಕೆಯಿಲ್ಲ. ಅವನಿಗೂ ಇಲ್ಲ. ನಮ್ಮನ್ನು ಮತ್ತೆ ಕೂರಿಸಿದ್ದು ಹಿರಿಯೂರಿನವನು. 'ನಂಗೆ ಬೈಯೋಕೆ ಇಬ್ರೂ ಬೇಕು ಕಣ್ರಪ್ಪಾ, ಒಬ್ಬನೇ ಬೈದ್ರೆ ರುಚಿ ಇಲ್ಲ' ಅಂದ.

ಮುಂದಿನ ಪುಸ್ತಕ ದೇವನೂರರ 'ಕುಸುಮಬಾಲೆ'. ಎಲ್ಲಿ ಕೂತು ಓದುವುದು ಎಂಬ ಮಾತು ಬಂತು. ನಿಮ್ಮ ಹಟ್ಟಿಯಲ್ಲೇ ಓದೋಣ ಅಂದೆ. ಹಿರಿಯೂರಿನವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಸ್ಸು ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ: 'ಬೇಲಿ ಒಳಗೋ ಆಚೆಗೋ, ಮೊದ್ಲು ಅವ್ವನ್ನ ಕೇಳ್ತೀನಿ.'